ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವುದು: ನಾನು ಹೆವಿ ಲೈಸೆನ್ಸ್ ಪಡೆದ ಬಗೆ

ಕಲಬುರಗಿಯ ಬೇಳೆ ಮಿಲ್ಲೊಂದಕ್ಕೆ ಆರು ವರ್ಷ ಪಿಕಪ್ ಓಡಿಸಿದ್ದ ನಾನು ಲಾರಿಯೆಂದರೆ ಉದ್ದನೆಯ ಪಿಕಪ್ ಎಂದೇ ತಿಳಿದಿದ್ದೆ. ಆಳಂದ, ಅಫಜಲಪುರದ ಕಡೆಯ ಹಳ್ಳಿಗಳಿಂದ ತೊಗರಿ ಚೀಲ ಹೇರಿಕೊಂಡು ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ ಬರುವುದು, ಗಂಜಿನಿಂದ ಮಿಲ್ಲಿಗೆ ಹೋಗುವುದು, ಅಷ್ಟೇ ನನ್ನ ಕೆಲಸ. ಅದಕ್ಕೆ ಕಾರಿನ ಲೈಸೆನ್ಸೇ ಸಾಕಾಗಿತ್ತು. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆದರೆ ಮಿಲ್ಲಿನ ಸಾಹುಕಾರರು ಕೊಂಡು ತಂದ ಆರು ಗಾಲಿಯ ಲಾರಿಯ ಒಟ್ಟು ತೂಕ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. "ಹೆವಿ ಮಾಡ್ಸಕೊಂಡ್ ಬಾ ತಮ್ಮಾ, ಗಾಡಿ ನಿನ್ನ ಕೈಯಾಗ ಕೊಡ್ತೀನಿ" ಎಂದರು. ತಿಂಗಳೊಪ್ಪತ್ತಿನ ಮಾತು ಎಂದು ನಾನು ಹೂಂಗುಟ್ಟಿದೆ.

ಕಾಗದದ ಕೆಲಸದಲ್ಲಿ ನನಗೆ ಹೆಚ್ಚು ತೊಡಕಾಗಲಿಲ್ಲ. ವಯಸ್ಸು 20 ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು, ವೈದ್ಯರಿಂದ 1ಎ ನಮೂನೆಯ ಪ್ರಮಾಣಪತ್ರ ತರಬೇಕು. ವೈದ್ಯರು ನನ್ನನ್ನು ದವಾಖಾನೆಯ ಬಾಗಿಲಿಗೆ ಕರೆತಂದು, ರಸ್ತೆಯ ಆಚೆ ದೂರದಲ್ಲಿ ನಿಂತಿದ್ದ ಕಾರಿನ ನಂಬರ್ ಓದಿಸಿದರು, ಏಕೆಂದರೆ ಆ ನಮೂನೆಯಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಕಾಣುತ್ತದೆಯೇ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯುತ್ತದೆಯೇ ಎಂಬುದನ್ನು ಬರೆಯಬೇಕಾಗುತ್ತದೆ. ಹಿಂದೆ ಎಂಟನೆಯ ತರಗತಿ ಪಾಸಾದ ಪತ್ರವನ್ನೂ ಕೊಡಬೇಕಿತ್ತು. 2019ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ನನ್ನ ಸೋದರಮಾವ ಎಂಥ ಏರಿಳಿತದಲ್ಲಿಯೂ ಗಾಡಿ ಹಿಡಿಯಬಲ್ಲವರಾಗಿದ್ದರೂ ಆ ಒಂದು ಪತ್ರವಿಲ್ಲದೆ ಹತ್ತು ವರ್ಷ ಕ್ಲೀನರಾಗಿಯೇ ದುಡಿದದ್ದನ್ನು ಕಂಡಿದ್ದೇನೆ, ಆದ್ದರಿಂದ ಈ ಬದಲಾವಣೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಕಲಿಕಾ ಲೈಸೆನ್ಸ್ ಕೈಗೆ ಬಂದ ಮೇಲೆ 30 ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ಆ ಲೈಸೆನ್ಸಿನ ಆಯುಸ್ಸು ಆರು ತಿಂಗಳು. ಸರಕು ವಾಹನಕ್ಕೆ ತರಬೇತಿ ಶಾಲೆಯ 5ನೇ ನಮೂನೆಯ ಪ್ರಮಾಣಪತ್ರವೂ ಬೇಕು. ನಾನು ಮೊದಲು ವಿಚಾರಿಸಿದ ಶಾಲೆಯವರು, ಒಂದು ದಿನವೂ ಬರುವುದು ಬೇಡ, ಹಣ ಕಟ್ಟಿದರೆ ಪ್ರಮಾಣಪತ್ರ ಮನೆಗೇ ಬರುತ್ತದೆ ಎಂದು ನಗುತ್ತಾ ಹೇಳಿದರು. ಆ ಮಾತಿಗೆ ನಾನು ಅರ್ಧ ಒಪ್ಪಿಯೂ ಆಗಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸೋದರಮಾವನೇ ಬೈದು ಬೇರೊಂದು ಶಾಲೆಗೆ ಕರೆದೊಯ್ದು ಅಲ್ಲಿ ಗಾಡಿ ಕಲಿಸುವ ಉಸ್ತಾದರ ಕೈಗೆ ಒಪ್ಪಿಸಿದರು. ಅರವತ್ತು ದಾಟಿದ ಉಸ್ತಾದರು ಸೊಲ್ಲಾಪುರ–ಹುಮನಾಬಾದ್–ಹೈದರಾಬಾದ್ ರಸ್ತೆಯಲ್ಲಿ ಲಾರಿ ಓಡಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ತರಬೇತಿ 30 ದಿನಕ್ಕೆ ಕಡಿಮೆಯಿರಬಾರದು, ಅದರಲ್ಲಿ 15 ತಾಸಾದರೂ ಸ್ಟೇರಿಂಗ್ ಹಿಡಿದಿರಬೇಕು ಎಂಬ ನಿಯಮವನ್ನು ಅಕ್ಷರಶಃ ಪಾಲಿಸುವುದು ಅವರ ಹಟವಾಗಿತ್ತು.

ಶಾಲೆಯ ಗಾಡಿ ಹಳೆಯ ಟಾಟಾ 1613. ನಮ್ಮ ಕಡೆ ಇದನ್ನು ಹದಿನಾರು ಹದಿಮೂರು ಎನ್ನುತ್ತಾರೆ: ಮೊದಲ ಎರಡು ಅಂಕಿ ಟನ್ನಿನ ತೂಕ, ಉಳಿದೆರಡು ಎಂಜಿನ್ನಿನ ಶಕ್ತಿ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದರ ಕ್ಯಾಬಿನ್ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯವೆಂಬ ಆದೇಶದ ಸುದ್ದಿಯನ್ನು ನಾನು ಹೇಳಿದಾಗ ಉಸ್ತಾದರು ಹೆಗಲ ಮೇಲಿನ ಟವೆಲ್ ತೋರಿಸಿ "ನಂದು ಇದೇ ಏಸಿ" ಎಂದರು.

ಮೊದಲ ದಿನ ಅವರು ಗಾಡಿಯನ್ನು ಓಡಿಸಲು ಕೊಡಲೇ ಇಲ್ಲ. ಗಾಡಿಯ ಸುತ್ತ ಎರಡು ಸುತ್ತು ನಡೆಸಿ, ದೊಡ್ಡ ಪಾನಾದಿಂದ ಆರೂ ಟೈರುಗಳನ್ನು ಬಡಿಸಿ, ಗಾಳಿ ಕಡಿಮೆಯಿರುವ ಟೈರಿನ ಸದ್ದು ಹೇಗೆ ಮಂಕಾಗಿರುತ್ತದೆ ಎಂಬುದನ್ನು ಕಿವಿಗೆ ಕೂಡಿಸಿದರು. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದು ಕಣ್ಣಿಗೆ ಸರಿಯಾಗಿ ಕಾಣದಿರುವುದರಿಂದ ಅದಕ್ಕೆ ಈ ಸದ್ದೇ ಗತಿ. ಆಮೇಲೆ ಗಾಳಿ ಟ್ಯಾಂಕಿನ ಕೆಳಗಿನ ಉಂಗುರ ಎಳೆಸಿದಾಗ ಕಂದು ಬಣ್ಣದ ನೀರು ನನ್ನ ಮುಂಗೈಗೆ ಸಿಡಿಯಿತು. ಗಾಳಿಯೊಡನೆ ಸೇರಿದ ಆ ತೇವ ಬ್ರೇಕಿನ ನಳಿಗೆಗಳಿಗೆ ಹೋಗಬಾರದೆಂದು ಅದನ್ನು ದಿನವೂ ಹೊರಬಿಡಬೇಕಂತೆ. ಪಿಕಪ್ಪಿನಲ್ಲಿ ನಾನು ಕೀಲಿ ತಿರುವಿ, ಕುಳಿತ ಕ್ಷಣಕ್ಕೇ ಹೊರಟುಬಿಡುತ್ತಿದ್ದೆ. ಇಲ್ಲಿ ಎಂಜಿನ್ ಚಾಲೂ ಮಾಡಿ ಗಾಳಿಯ ಮುಳ್ಳು ಮೇಲೇರುವವರೆಗೆ ಸುಮ್ಮನೆ ಕೂಡಬೇಕು. ಲಾರಿಯ ಪಾರ್ಕಿಂಗ್ ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಗಾಳಿ ಸಾಲದಿದ್ದರೆ ಹಿಂದಿನ ಗಾಲಿಗಳು ಬಿಗಿದೇ ಇರುತ್ತವೆ. ಈ ಒಂದು ಸಂಗತಿಯನ್ನು ಬಾಯಿಪಾಠ ಮಾಡಿದ್ದರೂ ಕೈಗೆ ಕಲಿಸಿರಲಿಲ್ಲವಾದ್ದರಿಂದಲೇ ನಾನು ಮುಂದೆ ಪರೀಕ್ಷೆಯಲ್ಲಿ ಎಡವಿದೆ.

ಎರಡನೆಯ ವಾರ ತಿರುವಿನ ಪಾಠ ಶುರುವಾಯಿತು. ಪಿಕಪ್ಪಿನಲ್ಲಿ ಮುಂದಿನ ಗಾಲಿ ನಮ್ಮ ಕಾಲಿಗಿಂತ ಮುಂದಿರುತ್ತದೆ, ಆದ್ದರಿಂದ ತಿರುವು ಕಂಡೊಡನೆ ಸ್ಟೇರಿಂಗ್ ತಿರುವಿದರೂ ನಡೆಯುತ್ತದೆ. ಮೂತಿಯಿಲ್ಲದ ಲಾರಿಯಲ್ಲಿ ನಾವು ಕುಳಿತಿರುವುದೇ ಮುಂದಿನ ಗಾಲಿಯ ಮೇಲೆ. ಹಿಂದಿನ ಗಾಲಿಗಳು ಬಹಳ ದೂರದಲ್ಲಿ, ಮುಂದಿನವು ಹೋದ ದಾರಿ ಬಿಟ್ಟು ಒಳಗಿನಿಂದ ಕೊಯ್ದುಕೊಂಡು ಬರುತ್ತವೆ. ಇದನ್ನು ನನ್ನ ತಲೆಗೆ ಹತ್ತಿಸಲು ಉಸ್ತಾದರು ಹಳೆಯ ಗೋಣಿಚೀಲವೊಂದರಲ್ಲಿ ತೊಗರಿ ಹೊಟ್ಟು ತುಂಬಿ, ಬಾಯಿ ಹೊಲಿದು, ಎಡ ತಿರುವಿನ ಒಳಮೂಲೆಯಲ್ಲಿ ನಿಲ್ಲಿಸಿದರು. ಮುಂದಿನ ಗಾಲಿ ಚೀಲದಿಂದ ಮಾರು ದೂರ ದಾಟಿತೆಂದು ನಾನು ಹಿಗ್ಗುತ್ತಿರುವಾಗಲೇ ಕೆಳಗೆ ಟಪ್ಪೆಂದು ಸದ್ದಾಯಿತು. ಇಳಿದು ನೋಡಿದರೆ ಜೋಡಿ ಗಾಲಿಯ ಕೆಳಗೆ ಚೀಲ ಒಡೆದು, ಹೊಟ್ಟು ಟೈರಿನ ಗೆರೆಗಳೊಳಗೆಲ್ಲ ತುರುಕಿಕೊಂಡಿತ್ತು.

"ಏ ತಮ್ಮಾ, ಮುಂದಿನ ಗಾಲಿ ನಿನ್ನ ಮಾತ್ ಕೇಳ್ತದ. ಹಿಂದಿಂದು ಕೇಳಂಗಿಲ್ಲ. ಅದರ ಮ್ಯಾಲ ಕಣ್ಣ್ ಇಡು."

"ಕಣ್ಣ್ ಇಟ್ಟೀನ್ರಿ ಉಸ್ತಾದ್, ಕಾಣಲಿಲ್ಲ."

"ಕನ್ನಡಿ ಯಾಕ್ ಅದ ಮತ್ತ? ತಲಿ ಬಾಚ್ಕೊಳ್ಳಾಕ?"

ಚೀಲ ಒಡೆದಾಗಲೆಲ್ಲ ಅವರು ಕ್ಯಾಬಿನ್ನಿನ ಒಳಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರು. ನನ್ನ ಹೆಸರಿನಲ್ಲಿ ಒಟ್ಟು ಹನ್ನೊಂದು ಗೀಟುಗಳಾದವು, ಅವುಗಳಲ್ಲಿ ಒಂಬತ್ತು ಕ್ಲೀನರ್ ಸೈಡಿನವು, ಅಂದರೆ ಎಡಗಡೆಯವು. ಎಡಗಡೆಯ ತಿರುವಿಗೆ ಮೂಲೆಯನ್ನು ನನ್ನ ಹೆಗಲು ದಾಟುವವರೆಗೆ ನೇರವಾಗಿ ಹೋಗಿ, ಆಮೇಲೆ ಎಡಗನ್ನಡಿಯಲ್ಲಿ ಹಿಂದಿನ ಗಾಲಿಯನ್ನೇ ನೋಡುತ್ತಾ ಸ್ಟೇರಿಂಗ್ ಎಳೆಯುವುದನ್ನು ಕಲಿತ ದಿನದಿಂದ ಗೀಟುಗಳು ನಿಂತವು. ಹಿಂದಕ್ಕೆ ಹೋಗುವ ಪಾಠ ಇದಾದ ಮೇಲೆ ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಕನ್ನಡಿಯಲ್ಲಿ ಗಾಡಿಯ ಬಾಡಿಗೂ ಪಕ್ಕದ ಗೋಡೆಗೂ ನಡುವಿನ ಸಂದಿ ಯಾವ ಕಡೆ ಕಿರಿದಾಗತೊಡಗುತ್ತದೆಯೋ ಬಾಲ ಆ ಕಡೆಗೆ ಹೊರಳುತ್ತಿದೆಯೆಂದರ್ಥ, ಸಂಶಯ ಬಂದರೆ ನಿಲ್ಲಿಸಿ ಇಳಿದು ನೋಡಬೇಕು, ಇಳಿದು ನೋಡಿದವನನ್ನು ಯಾರೂ ನಗುವುದಿಲ್ಲ ಎಂದು ಉಸ್ತಾದರು ಹೇಳುತ್ತಿದ್ದರು. ಗೇರುಗಳ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು, ಇಳಿಯುತ್ತಾ ಕಾಲಬ್ರೇಕಿನ ಮೇಲೆಯೇ ನಿಂತುಬಿಡಬಾರದು, ಅಷ್ಟೇ.

ಕಲಬುರಗಿಯಲ್ಲಿ ಕಲಿಯುವವರಿಗೆ ನಿಜವಾದ ಕೊರತೆಯೆಂದರೆ ಏರು. ನಮ್ಮದು ಎರೆ ಹೊಲಗಳ ಬಯಲುಸೀಮೆ. ರೈಲ್ವೆ ಮೇಲ್ಸೇತುವೆಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥ ಏರಿಲ್ಲ, ಕಲಿಯುವವನನ್ನು ಕೂಡಿಸಿಕೊಂಡು ಮೇಲ್ಸೇತುವೆಯ ನಡುವೆ ಲಾರಿ ನಿಲ್ಲಿಸಿದರೆ ಹಿಂದಿನ ಆಟೋದವರು ಸುಮ್ಮನೆ ಬಿಡುವುದೂ ಇಲ್ಲ. ಆದ್ದರಿಂದ ರಜೆಯ ದಿನ ಉಸ್ತಾದರು ಮುಂದೆ ಹಿಂದೆ ಕೆಂಪು ಎಲ್ ಬೋರ್ಡು ಕಟ್ಟಿದ ಗಾಡಿಯನ್ನು ಶಹಾಬಾದ್ ಹತ್ತಿರದ, ಪರಿಚಯಸ್ಥರೊಬ್ಬರ ಕಲ್ಲಿನ ಖಣಿಗೆ ಹೊರಡಿಸಿದರು. ಮನೆಗಳಿಗೆ ಹಾಸುವ ಪರಸಿ ಕಲ್ಲನ್ನು ತುಂಬಿದ ಗಾಡಿಗಳು ಮೇಲೆ ಹತ್ತಿ ಬರುವ ದಾರಿ ಅಲ್ಲಿ ಖಾಲಿಯಿತ್ತು. ಅದರ ನಡುಮಧ್ಯೆ ಗಾಡಿ ನಿಲ್ಲಿಸಿ, ಹಿಂದಿನ ಟೈರಿನ ಮೇಲೂ ಅದರ ಬುಡದ ಕಲ್ಲಿನ ಮೇಲೂ ಒಂದೇ ಗೆರೆಯಾಗಿ ಸೀಮೆಸುಣ್ಣ ಎಳೆದು, ಗಾಡಿ ಎತ್ತು, ಅಂದರೆ ಹೊರಡಿಸು ಎಂದರು. ಟೈರಿನ ಗೆರೆ ಕಲ್ಲಿನ ಗೆರೆಗಿಂತ ಎಷ್ಟು ಹಿಂದೆ ಸರಿದಿದೆಯೋ ಅಷ್ಟು ನನ್ನ ತಪ್ಪು. ಮಧ್ಯಾಹ್ನದ ಹೊತ್ತಿಗೆ ಆ ತಪ್ಪು ಗೇಣಿನಿಂದ ನಾಲ್ಕು ಬೆರಳಿಗೆ ಇಳಿಯಿತು. ಅಷ್ಟಕ್ಕೇ ತೃಪ್ತನಾಗಿ, ಬಿಸಿಲು ನೆತ್ತಿ ಸುಡುತ್ತಿದೆಯೆಂದು ನಾನೇ ಮನೆಗೆ ಹೋಗುವ ಆತುರ ಮಾಡಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲವೂ ಸಲೀಸಾಗಿಯೇ ನಡೆಯಿತು. ಗಾಡಿಯ ಸುತ್ತು ಬಂದೆ, ಕನ್ನಡಿ ಹೊಂದಿಸಿಕೊಂಡೆ, ಸಂದಿಗೆ ಹಿಂದಕ್ಕೆ ಹೊಗಿಸಿದೆ, ಗಾಡಿಯನ್ನು ತಿರುಗಿಸಿ ಬಂದ ದಿಕ್ಕಿಗೆ ನಿಲ್ಲಿಸಿದೆ. ಆಮೇಲೆ ಇನ್‌ಸ್ಪೆಕ್ಟರ್ ಸಾಹೇಬರು ಏರಿನ ಮೇಲೆ ನಿಲ್ಲಿಸಲು ಹೇಳಿದರು. ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರಗೊಡದೆ ಎತ್ತಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮದಲ್ಲಿಯೇ ಇರುವ ಮಾತು. ನಾನು ಪಾರ್ಕಿಂಗ್ ಬ್ರೇಕ್ ಬಿಟ್ಟೆ. ಪಿಕಪ್ಪಿನ ಹ್ಯಾಂಡ್ ಬ್ರೇಕ್ ಬಿಟ್ಟ ಕೂಡಲೇ ಬಿಡುತ್ತದೆ. ಲಾರಿಯದು ಗಾಳಿ ಒಳಹೊಕ್ಕು ಸ್ಪ್ರಿಂಗನ್ನು ಒತ್ತುವವರೆಗೆ ಒಂದು ಉಸಿರಿನಷ್ಟು ಹೊತ್ತು ಹಿಡಿದೇ ಇರುತ್ತದೆ. ಆ ಒಂದು ಉಸಿರಿನಲ್ಲಿ ಗಾಡಿ ಅಲುಗಲಿಲ್ಲವಾಗಿ, ಸಮಯವಿದೆಯೆಂದು ನೆಚ್ಚಿ ಕ್ಲಚ್ಚನ್ನು ನಿಧಾನವಾಗಿ ಬಿಡತೊಡಗಿದೆ. ಅಷ್ಟರಲ್ಲಿ ಬ್ರೇಕ್ ಪೂರ್ತಿ ಬಿಟ್ಟುಕೊಂಡು ಗಾಡಿ ಹಿಂದಕ್ಕೆ ಜಾರಿತು. ಗಾಬರಿಯಿಂದ ಕಾಲಬ್ರೇಕ್ ತುಳಿದೆ, ಎಂಜಿನ್ ಬಂದಾಯಿತು. ಒಂದೂವರೆ ಅಡಿ ಜಾರಿರಬಹುದು. ಸಾಹೇಬರು ಬೈಯಲಿಲ್ಲ, ಕಾಗದದಲ್ಲಿ ಏನೋ ಬರೆದು "ಕಲ್ತು ಬಾ" ಎಂದು ಇಳಿದುಹೋದರು.

ಅನುತ್ತೀರ್ಣನಾದವನು ಏಳು ದಿನ ಕಳೆದ ಮೇಲೆ ಮತ್ತೆ ಪರೀಕ್ಷೆ ಕೊಡಬಹುದು. ಮೂರು ಸಲ ಎಡವಿದರೆ ಮಾತ್ರ 60 ದಿನ ಕಾಯಬೇಕು. ಊರಲ್ಲಿ ಕೆಲವರು ಸಾಹೇಬರಿಗೆ ಏನೋ ಬೇಕಿತ್ತು ಎಂದು ನನಗೆ ಸಮಾಧಾನ ಹೇಳಿದರು. ಹಾಗೆ ಹೇಳಿಕೊಳ್ಳುವುದು ಸುಲಭವಿತ್ತು, ಆದರೆ ಗಾಡಿ ಜಾರಿದ್ದು ನಿಜ, ಹಿಂದೆ ಯಾರಾದರೂ ಸ್ಕೂಟರ್ ನಿಲ್ಲಿಸಿಕೊಂಡಿದ್ದರೆ ಏನಾಗುತ್ತಿತ್ತೆಂಬುದೂ ನನಗೆ ಗೊತ್ತಿತ್ತು.

ಉಸ್ತಾದರು ನನ್ನನ್ನು ಮತ್ತೆ ಅದೇ ಖಣಿಗೆ ಕರೆದೊಯ್ದರು. ಈ ಸಲ ಪಾರ್ಕಿಂಗ್ ಬ್ರೇಕಿನ ಹಿಡಿಕೆಯನ್ನು ತಮ್ಮ ಕೈಯಿಂದ ಮುಚ್ಚಿಟ್ಟುಕೊಂಡು, ಮೊದಲು ಕ್ಲಚ್ ಮಾತ್ರ ಬಿಡು ಎಂದರು. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಬೆರಳಷ್ಟು ಬೆರಳಷ್ಟೇ ಬಿಡುತ್ತಾ ಬಂದಂತೆ ಒಂದು ಹಂತದಲ್ಲಿ ಎಂಜಿನ್ನಿನ ದನಿ ಇಳಿಯಿತು, ಕ್ಯಾಬಿನ್ ಸಣ್ಣಗೆ ನಡುಗಿತು, ಎತ್ತು ನೊಗಕ್ಕೆ ಹೆಗಲು ಕೊಟ್ಟಾಗ ಬಂಡಿ ಬಿಗಿಯುವಂತೆ ಇಡೀ ಗಾಡಿ ಬಿಗಿದುಕೊಂಡಿತು. "ಈಗ ಹಿಡ್ದದ. ಕಾಲ್ ಅಲ್ಲೇ ಇರ್ಲಿ, ಅಲಗಸಬ್ಯಾಡ" ಎಂದು ಹೇಳಿ ಅವರೇ ಬ್ರೇಕ್ ಬಿಟ್ಟರು. ಗಾಳಿಯ ಮುಳ್ಳು ಒಂದಿಷ್ಟು ಕೆಳಕ್ಕೆ ತೂಗಿತು, ಆ ಉಸಿರಿನಷ್ಟು ಹೊತ್ತು ಕಳೆಯಿತು, ಗಾಡಿ ಹಿಂದಕ್ಕೂ ಬಾರದೆ ಮುಂದಕ್ಕೂ ಹಾರದೆ ತಾನಾಗಿ ಮೇಲಕ್ಕೆ ತೆವಳಿತು. ಆಮೇಲಷ್ಟೇ ಎಕ್ಸಲೇಟರ್. ಇಳಿದು ಹೋಗಿ ಕಲ್ಲಿನ ಮೇಲಿನ ಗೆರೆಯ ಹಿಂದೆ ಬಗ್ಗಿ ನೋಡಿದೆ: ಟೈರು ಹಿಂದೆ ಬಂದಿದ್ದರೆ ಅದರ ಸುಣ್ಣ ಅಲ್ಲಿ ಮೆತ್ತಿರಬೇಕಿತ್ತು, ಮೆತ್ತಿರಲಿಲ್ಲ. ಕಳೆದ ಸಲ ನಾನು ಬ್ರೇಕ್ ಬಿಟ್ಟು ಕ್ಲಚ್ ಹುಡುಕಿದ್ದೆ. ಈಗ ಕ್ಲಚ್ ಹಿಡಿದ ಮೇಲೆ ಬ್ರೇಕ್ ಬಿಟ್ಟಿತು. ವ್ಯತ್ಯಾಸ ಇಷ್ಟೇ, ಆದರೆ ಆರು ವರ್ಷದ ಪಿಕಪ್ಪಿನ ರೂಢಿಯನ್ನು ಕೈಕಾಲುಗಳಿಂದ ತೆಗೆಯಲು ಅಂದು ನಲವತ್ತಕ್ಕೂ ಹೆಚ್ಚು ಸಲ ನಿಲ್ಲಿಸಿ ಎತ್ತಬೇಕಾಯಿತು. ಸಂಜೆ ಎಡಗಾಲಿನ ಮೀನಖಂಡ ಹಿಡಿದುಕೊಂಡು ಮನೆಯ ಮೆಟ್ಟಿಲನ್ನು ಹತ್ತಲು ಆಗಲಿಲ್ಲ.

ಎರಡನೆಯ ಪರೀಕ್ಷೆಗೆ ಬಂದವರೂ ಅದೇ ಸಾಹೇಬರು. ಬೇರೆಲ್ಲವನ್ನೂ ಬೇಗ ಬೇಗ ಮುಗಿಸಿ ನೇರವಾಗಿ ಏರಿಗೆ ಬಂದರು. ನಿಲ್ಲಿಸಿದೆ, ಕ್ಲಚ್ ಹಿಡಿಯುವವರೆಗೆ ಕಾದೆ, ಬ್ರೇಕ್ ಬಿಟ್ಟೆ, ಗಾಡಿ ಎದ್ದಿತು. ಹತ್ತು ಮಾರು ಹೋಗುವಷ್ಟರಲ್ಲಿ "ಇನ್ನೊಮ್ಮಿ ನಿಲ್ಲಸು" ಎಂದರು. ಮತ್ತೆ ನಿಲ್ಲಿಸಿ ಮತ್ತೆ ಎತ್ತಿದೆ. ಆ ಸಲ ಅವರು ರಸ್ತೆಯನ್ನು ನೋಡುತ್ತಿರಲಿಲ್ಲ, ನನ್ನ ಎಡಗಾಲನ್ನು ನೋಡುತ್ತಿದ್ದರು. ಬಯಲಿಗೆ ಮರಳಿದ ಮೇಲೆ ಏನೂ ಹೇಳದೆ ಸಹಿ ಮಾಡಿದರು.

ಐದು ವರ್ಷದ ಅವಧಿಯ ಲೈಸೆನ್ಸ್ ಅಂಚೆಯಲ್ಲಿ ಬಂದ ದಿನ ಪೇಢೆಯ ಡಬ್ಬಿ ಹಿಡಿದು ಉಸ್ತಾದರ ಬಳಿಗೆ ಹೋದೆ. ಅವರು ಒಂದು ಪೇಢೆ ತಿಂದು, ಕ್ಯಾಬಿನ್ನಿನ ಒಳಗೋಡೆಯ ಹನ್ನೊಂದು ಗೀಟುಗಳನ್ನು ತೋರಿಸಿ, ಇದರ ಲೆಕ್ಕ ಯಾರು ಕೊಡುತ್ತಾರೆ ಎಂದು ಕೇಳಿದರು. ಮರುದಿನ ಸಾಹುಕಾರರ ಹೊಸ ಲಾರಿಯ ಮೊದಲ ಬಾಡಿಗೆ ಹೊರಡುವ ಮುಂಚೆ, ಮಿಲ್ಲಿನಿಂದ ಹನ್ನೊಂದು ಚೀಲ ಹೊಟ್ಟು ಹೇರಿಕೊಂಡು ಹೋಗಿ ಶಾಲೆಯ ಬಯಲಿನ ಮೂಲೆಯಲ್ಲಿ ಇಳಿಸಿದೆ. ಆಗ ಹಳೆಯ ಹದಿನಾರು ಹದಿಮೂರರಲ್ಲಿ ಮೀಸೆ ಚಿಗುರಿದ ಹುಡುಗನೊಬ್ಬ ಎಡಕ್ಕೆ ತಿರುಗುತ್ತಿದ್ದ. ಟಪ್ಪೆಂದು ಸದ್ದಾಯಿತು.