ಐದು ಗುಂಡಿ, 12 ನಿಮಿಷ

ಅಮ್ಮನ ಸ್ವೆಟರ್‌ಗೆ ಐದು ಗುಂಡಿಗಳಿವೆ. ಅವಳೇ ಹಾಕಿಕೊಂಡರೆ 12 ನಿಮಿಷ ಬೇಕು. ನಾನು ಹಾಕಿದರೆ ಒಂದೇ ನಿಮಿಷ. ಆಪರೇಷನ್ ಆದ ಮೇಲೆ ಎರಡು ತಿಂಗಳು ನಾನೇ ಹಾಕಿದೆ. ಅದರಿಂದ ಅವಳಿಗೆ ಎಷ್ಟು ನಷ್ಟ ಆಯಿತು ಅಂತ ಗೊತ್ತಾಗಿದ್ದು ಆಮೇಲೆ.

ಅಮ್ಮನಿಗೆ ಆಗ 79. ಬೆಳಗಿನ ಜಾವ ಬಾತ್‌ರೂಮಿಗೆ ಹೋಗೋಕೆ ಎದ್ದವಳು ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಾರನೇ ದಿನ ಆಪರೇಷನ್ ಆಯಿತು. ಅವತ್ತು ರಾತ್ರಿ, ಗೋಡೆ ಮೇಲೆ ಯಾರೋ ಓಡಾಡ್ತಿದ್ದಾರೆ ಅಂದಳು. ನನ್ನನ್ನು ತನ್ನ ಅಕ್ಕ ಅಂದುಕೊಂಡು ಮಾತಾಡಿದಳು. ಮರೆವಿನ ಕಾಯಿಲೆ ಶುರುವಾಯಿತು ಅಂತ ಅಣ್ಣನೂ ನಾನೂ ಹೆದರಿಹೋದೆವು. ಡಾಕ್ಟರು ಇದು ಡಿಲೀರಿಯಂ, ಇದ್ದಕ್ಕಿದ್ದಂತೆ ಬರುವ ಮನಸ್ಸಿನ ಗೊಂದಲ ಅಂದರು. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಡಿಲೀರಿಯಂ ಹಾಗಲ್ಲ, ಗಂಟೆಗಳಲ್ಲಿ ಬರುತ್ತದೆ. ನೋವು, ಸೋಂಕು, ಕೆಲವು ಮಾತ್ರೆ, ನಿದ್ದೆಗೇಡು, ಕೊನೆಗೆ ಮಲಬದ್ಧತೆ ಕೂಡ ಅದನ್ನು ತರಬಹುದು. ಕಾರಣ ಹುಡುಕಿ ಸರಿಮಾಡಿದರೆ ಹೆಚ್ಚಿನವರಿಗೆ ಇಳಿಯುತ್ತದೆ.

"ಅಜ್ಜಿಯ ಕನ್ನಡಕ ಎಲ್ಲಿ? ಕಿವಿ ಮೆಷಿನ್ ಎಲ್ಲಿ?" ಅಂತ ರಾತ್ರಿ ಪಾಳಿಯ ಸಿಸ್ಟರ್ ಕೇಳಿದರು. ಆಸ್ಪತ್ರೆಯಲ್ಲಿ ಕಳೆದುಹೋಗಬಾರದು ಅಂತ ಎರಡನ್ನೂ ಮನೆಯ ಡ್ರಾಯರ್‌ನಲ್ಲಿ ಇಟ್ಟು ಬಂದಿದ್ದೆವು. ಕಣ್ಣು ಕಾಣಿಸದೆ, ಕಿವಿ ಕೇಳಿಸದೆ, ಗೊತ್ತಿಲ್ಲದ ಜಾಗದಲ್ಲಿ ಮಲಗಿದ್ದಳು ಅಮ್ಮ. ಬೆಳಗ್ಗೆ ತಂದು ಹಾಕಿದೆವು. ಎದುರಿಗೆ ಒಂದು ಗಡಿಯಾರ ಇಟ್ಟೆವು. ನಾಲ್ಕನೇ ದಿನದ ಹೊತ್ತಿಗೆ ಅಮ್ಮ ಮೊದಲಿನಂತಾದಳು.

ಮನೆಗೆ ಬಂದ ಮೇಲೆ ತಪ್ಪು ಮಾಡಿದ್ದು ನಾನು. ಸ್ನಾನ ಮಾಡಿಸಿದೆ, ತಲೆ ಬಾಚಿದೆ, ತುತ್ತು ಕೂಡ ನಾನೇ ಇಟ್ಟೆ. ಇನ್ನೊಂದು ಸಲ ಬಿದ್ದರೆ ಅನ್ನೋ ಹೆದರಿಕೆಗೆ ಹಾಸಿಗೆಯಿಂದ ಏಳೋಕೇ ಬಿಡಲಿಲ್ಲ. ಅಮ್ಮನ ದೊಡ್ಡ ಭಯ ಏನಿತ್ತು ಅಂದರೆ ಹಾಸಿಗೆ ಹಿಡಿಯೋದು. ನನ್ನ ಪ್ರೀತಿಯೇ ಅವಳನ್ನು ಅಲ್ಲಿಗೆ ತಳ್ಳುತ್ತಾ ಇತ್ತು. ಮೊದಮೊದಲು "ಬಿಡು, ನಾನೇ ಮಾಡ್ಕೋತೀನಿ" ಅನ್ನುತ್ತಿದ್ದವಳು ಆರನೇ ವಾರಕ್ಕೆ "ನೀನೇ ಮಾಡ್ಬಿಡು" ಅನ್ನತೊಡಗಿದಳು.

ಫಿಸಿಯೋ ಬಂದವರು ಅಮ್ಮನ ಎರಡೂ ಕೈಗಳನ್ನು ಎದೆ ಮೇಲೆ ಕಟ್ಟಿಸಿ, ಕುರ್ಚಿಯಿಂದ ಏಳಿ ಅಂದರು. ಆಗಲೇ ಇಲ್ಲ. ಅವರು ನನ್ನನ್ನು ಬೈಯಲಿಲ್ಲ, ಆದರೆ ಒಂದು ಮಾತು ಹೇಳಿದರು. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿದ್ದಕ್ಕೆ ಕಾಲಿನಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತಂತೆ. ಅಮ್ಮ ಮಲಗಿದ್ದು ಎರಡು ತಿಂಗಳು, ಅದೂ ಕಾಯಿಲೆಯವಳಾಗಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಧೈರ್ಯ ಕೊಡುವ ಮಾತನ್ನೂ ಅವರೇ ಹೇಳಿದರು. 1990ರಲ್ಲಿ ಡಾ. ಮರಿಯಾ ಫಿಯಾಟರೋನೆ ಮತ್ತು ಸಂಗಡಿಗರು ನರ್ಸಿಂಗ್ ಹೋಮ್‌ನಲ್ಲಿದ್ದ ಸುಮಾರು 90 ವಯಸ್ಸಿನವರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕಾಲಿನ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. 90ಕ್ಕೂ ಮಾಂಸಖಂಡ ಕಲಿಯುತ್ತದೆ. ನಾವು ಕುರ್ಚಿಯಿಂದ ಶುರು ಮಾಡಿದೆವು. ಮೊದಲು ಕುರ್ಚಿಯ ಕೈ ಹಿಡಿದು ದಿನಕ್ಕೆ ಮೂರು ಸಲ ಐದೈದು ಬಾರಿ ಏಳೋದು, ಕೂರೋದು. ಆಮೇಲೆ ಒಂದೇ ಕೈ. ಹನ್ನೊಂದನೇ ವಾರ ಕೈ ಕಟ್ಟಿಕೊಂಡು ಎದ್ದಳು. ಎದ್ದು ನಿಂತು ನನ್ನ ಮುಖ ನೋಡಿದಳು, ಏನೂ ಮಾತಾಡಲಿಲ್ಲ. ಆಮೇಲೆ ತಾನಾಗಿ ಇನ್ನೊಂದು ಸಲ ಎದ್ದಳು.

ಅದೇ ಸಮಯದಲ್ಲಿ ಮಾತ್ರೆಗಳ ಕಡೆಗೂ ಗಮನ ಹೋಯಿತು. ಮನೆಯಲ್ಲಿದ್ದ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿದೆ. 11 ಥರ ಇದ್ದವು. ಎರಡು ಬೇರೆ ಬೇರೆ ಹೆಸರಿನ ಒಂದೇ ಮಾತ್ರೆ! ಇನ್ನೊಂದು ಯಾವಾಗಲೋ ತುರಿಕೆಗೆ ಅಂತ ಕೊಟ್ಟ ಹಳೇ ಕಾಲದ ಅಲರ್ಜಿ ಮಾತ್ರೆ, ವಯಸ್ಸಾದವರಿಗೆ ಮಂಪರು, ಗೊಂದಲ ತರುವಂಥದ್ದು. ಜೊತೆಗೆ ನಿದ್ದೆ ಮಾತ್ರೆ. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿಯೇ ಇದೆ, ಬೀಯರ್ಸ್ ಪಟ್ಟಿ ಅಂತ. ಮೊದಲು ಬಂದದ್ದು 1991ರಲ್ಲಿ. ಡಾಕ್ಟರು ಅಮ್ಮನ ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷಕ್ಕೆ ಒಮ್ಮೆ ನೋಡಿದರು. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಬೆಳಗಿನ ಜಾವ ಅವಳು ಬಿದ್ದದ್ದಕ್ಕೆ ಇದೂ ಕಾರಣ ಇರಬಹುದು ಅಂದರು. ಒಂದೂವರೆ ತಿಂಗಳಲ್ಲಿ, ಒಂದೊಂದಾಗಿ, 11 ಮಾತ್ರೆ 7ಕ್ಕೆ ಇಳಿದವು. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯಂಥವನ್ನು ಒಮ್ಮೆಲೇ ಬಿಟ್ಟರೆ ಅಪಾಯ.

ಸ್ನಾನ, ಬಟ್ಟೆ, ಟಾಯ್ಲೆಟ್, ಏಳೋದು-ಕೂರೋದು, ಮಲಮೂತ್ರದ ಹಿಡಿತ, ಊಟ. ಒಬ್ಬರಿಗೆ ಎಷ್ಟು ಆರೈಕೆ ಬೇಕು ಅಂತ ನೋಡೋಕೆ ಈ ಆರು ಕೆಲಸಗಳ ಅಳತೆಯನ್ನು ಸಿಡ್ನಿ ಕಾಟ್ಜ್ ಅನ್ನೋ ಡಾಕ್ಟರು 1963ರಲ್ಲಿ ಕೊಟ್ಟರು. ಚೇತರಿಸಿಕೊಳ್ಳುವಾಗ ಊಟ ಮೊದಲು ಕೈಗೆ ಬರುತ್ತದೆ, ಬಟ್ಟೆ, ಸ್ನಾನ ಕೊನೆಗೆ. ಮಕ್ಕಳು ಕಲಿಯೋದೂ ಸುಮಾರಾಗಿ ಇದೇ ಕ್ರಮದಲ್ಲಿ ಅಂತ ಅವರು ಗಮನಿಸಿದ್ದರು. ನಾನು ಫ್ರಿಜ್ ಬಾಗಿಲ ಮೇಲೆ ಈ ಆರನ್ನೂ ಬರೆದು ಅಂಟಿಸಿದೆ. ಅಮ್ಮ ಒಬ್ಬಳೇ ಮಾಡಿದ್ದಕ್ಕೆ ಮಾತ್ರ ಟಿಕ್. ಬೆಳಗ್ಗೆ ಒಂದು ಗಂಟೆ ಮೊದಲೇ ಎಬ್ಬಿಸುತ್ತಿದ್ದೆ. ಸಮಯ ಇದ್ದರೆ ತಾನೇ ಕಾಯೋಕೆ ಆಗೋದು, ಅಲ್ವಾ?

ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ರಾತ್ರಿಗಳು ಕಷ್ಟವಾದವು. ಮೂರು ಸಲ ಏಳಬೇಕಿತ್ತು, ನನ್ನ ಬೆನ್ನು ಕೈಕೊಟ್ಟಿತು. ಕೇರ್ ಹೋಮ್ ಅಂದ ಕೂಡಲೇ ಅಣ್ಣ, "ಅಮ್ಮನ್ನ ವೃದ್ಧಾಶ್ರಮಕ್ಕೆ ಹಾಕ್ತೀಯಾ?" ಅಂದ. ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದೆವು. ಅಮ್ಮ ವಾಕರ್ ಹಿಡಿದು ಬಂದು ನಿಂತಳು. "ನನ್ನ ವಿಷಯ ನನ್ನ ಎದುರಿಗೇ ಮಾತಾಡಿ" ಅಂದಳು. ಅಷ್ಟೂ ದಿನ ಯಾರೂ ಅವಳನ್ನು ಕೇಳೇ ಇರಲಿಲ್ಲ.

ಮೂರು ಜಾಗ ನೋಡಿದೆವು, ಮೂವರೂ ಸೇರಿ. ಮೊದಲ ಸಲ ಹೇಳಿ ಹೋಗೋದು, ಎರಡನೇ ಸಲ ಹೇಳದೆ, ಭಾನುವಾರ ಸಂಜೆ. ಒಂದು ಕಡೆ ನೆಲ ಹೊಳೆಯುತ್ತಿತ್ತು, ಗೋಡೆ ತುಂಬಾ ಚಿತ್ರಗಳು. ಆದರೆ ಅಲ್ಲಿದ್ದವರ ಕನ್ನಡಕ ನೋಡಿದೆ. ಒಬ್ಬೊಬ್ಬರದೂ ಬೆರಳಚ್ಚು, ಧೂಳು ಕೂತು ಮಬ್ಬಾಗಿತ್ತು. ಕರೆಗಂಟೆ ಮಂಚದ ಹಿಂದೆ ನೇತಾಡುತ್ತಿತ್ತು, ಯಾರ ಕೈಗೂ ಎಟುಕದ ಹಾಗೆ. ನೀರಿನ ಲೋಟವೂ ದೂರ. ವಾಕರ್‌ಗಳನ್ನೆಲ್ಲ ಮೂಲೆಯಲ್ಲಿ ಸಾಲಾಗಿ ಜೋಡಿಸಿದ್ದರು. ಯಾರೂ ಎದ್ದು ಓಡಾಡಿ ಬೀಳಬಾರದು ಅಂತ! ಅದನ್ನೇ ಅಲ್ವಾ ನಾನು ಮನೆಯಲ್ಲಿ ಮಾಡಿದ್ದು. ಅಲ್ಲಿಂದ ಬೇಗ ಹೊರಟೆವು.

ಕೊನೆಗೆ ಒಪ್ಪಿದ ಜಾಗದ ಕಟ್ಟಡ ಹಳೇದು. ರಾತ್ರಿ ಎಷ್ಟು ಜನಕ್ಕೆ ಒಬ್ಬ ಸಿಬ್ಬಂದಿ, ಸಿಬ್ಬಂದಿ ಎಷ್ಟು ವರ್ಷದಿಂದ ಇದ್ದಾರೆ, ಯಾರಾದರೂ ಬಿದ್ದರೆ ಏನು ಮಾಡ್ತೀರಿ, ಮನೆಯವರಿಗೆ ಯಾವಾಗ ಹೇಳ್ತೀರಿ ಅಂತ ಕೇಳಿದೆ. ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟರು. ಕಳೆದ ತಿಂಗಳು ಇಬ್ಬರು ಬಿದ್ದಿದ್ದರು ಅಂತ ಅವರೇ ಹೇಳಿದರು. ಇಲ್ಲಿ ಯಾರೂ ಬೀಳೋದೇ ಇಲ್ಲ ಅಂದವರನ್ನು ನಂಬೋಕೆ ನನಗೆ ಕಷ್ಟ. ಆದರೆ ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ಒಬ್ಬ ಹುಡುಗಿ ಅಜ್ಜಿಯೊಬ್ಬರ ಮುಂದೆ ಮಂಡಿಯೂರಿ ಕೂತು, "ಹೊರಗೆ ಹೋಗೋಣ್ವಾ?" ಅಂತ ಕೇಳಿದಳು. ಉತ್ತರ ಬರೋಕೆ ಅರ್ಧ ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವಳು ಹಾಗೇ ಕೂತಿದ್ದಳು. ಅಜ್ಜಿ ಬೇಡ ಅಂದರು. "ಸರಿ ಅಜ್ಜಿ" ಅಂದಳು.

ಸೇರುವ ದಿನಕ್ಕೆ ಅಮ್ಮನ ಬಗ್ಗೆ ಒಂದು ಹಾಳೆ ಬರೆದುಕೊಟ್ಟೆ. ಎಡಗಿವಿ ಜಾಸ್ತಿ ಮಂದ, ಕಿಟಕಿ ತೆರೆದಿರಬೇಕು, ಹೆಸರು ಹಿಡಿದು ಕರೆದರೆ ಇಷ್ಟ, ಹೀಗೆ. ಕೊಡುವ ಮೊದಲು ಅವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. 'ಸ್ವೆಟರ್ ಗುಂಡಿ ಹಾಕಲು ಸಹಾಯ ಬೇಕು' ಅಂತ ಬರೆದಿದ್ದೆ. ಪೆನ್ನು ಕೇಳಿ 'ಸಹಾಯ' ಹೊಡೆದು ಹಾಕಿದಳು. ಮೇಲೆ, ನಡುಗುವ ಅಕ್ಷರದಲ್ಲಿ, 'ಸಮಯ' ಅಂತ ಬರೆದಳು. ಹಾಳೆ ಈಗಲೂ ಅವಳ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದೆ.