ಮೊದಲು ಹುಳ ಸಾಕಿ, ಆಮೇಲೆ ಮದ್ದು: ಕೀಟ ವಿಷಶಾಸ್ತ್ರದ ವಿಜ್ಞಾನಿ ಆಗುವುದು ಹೇಗೆ

ನನ್ನ ಮನೆ ಬ್ರಹ್ಮಾವರದ ಹತ್ತಿರ. ಕೀಟದ ದೇಹ ಹೇಗೆ ಕೆಲಸ ಮಾಡುತ್ತದೆ, ಅದರೊಳಗೆ ಕೀಟನಾಶಕ ಹೊಕ್ಕರೆ ಏನಾಗುತ್ತದೆ, ಇದನ್ನು ಕಂಡುಹಿಡಿಯುವುದು ನನ್ನ ಕೆಲಸ. ರಜೆಗೆ ಊರಿಗೆ ಬಂದಾಗಲೆಲ್ಲ ಪಿಯುಸಿ, ಬಿಎಸ್ಸಿ ಓದುವ ಮಕ್ಕಳು ಮನೆಗೆ ಬಂದು, "ನಿಮ್ಮ ಲೈನಿಗೆ ಬರಬೇಕಾದರೆ ಏನು ಓದಬೇಕು?" ಅಂತ ಕೇಳುತ್ತಾರೆ. ಓದಿನ ವಿಷಯ ಹೇಳುತ್ತೇನೆ. ಆದರೆ ಅದಕ್ಕಿಂತ ಮುಂಚೆ ಮಾಡಬೇಕಾದ ಒಂದು ಕೆಲಸ ಉಂಟು, ಅದಕ್ಕೆ ಕಾಲೇಜು ಬೇಡ, ದುಡ್ಡೂ ಬೇಡ.

ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಹೋಗಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಾಣುವ ಸಣ್ಣ ಹುಳ ಇದೆಯಾ ಅಂತ ಹುಡುಕಿ. ಸಿಕ್ಕರೆ ಗೆಲ್ಲಿನ ಸಮೇತ ತಂದು ಅಗಲ ಬಾಯಿಯ ಬಾಟ್ಲಿಯಲ್ಲಿ ಇಡಿ, ಬಾಯಿಗೆ ಹಳೆ ಸೊಳ್ಳೆಪರದೆಯ ತುಂಡು ಕಟ್ಟಿ. ದಿನಾ ಹೊಸ ಎಲೆ ಕೊಡಿ, ಹಿಕ್ಕೆ ಚೊಕ್ಕ ಮಾಡಿ. ಇವತ್ತು ಎಷ್ಟು ಎಲೆ ತಿಂದಿತು, ಯಾವ ದಿನ ಪೊರೆ ಕಳಚಿತು, ಕಳಚುವ ಮುಂಚೆ ಎಷ್ಟು ಹೊತ್ತು ಏನೂ ತಿನ್ನದೆ ಸುಮ್ನೆ ಕೂತಿತ್ತು, ಎಲ್ಲವನ್ನೂ ತಾರೀಕು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಕೊನೆಯ ಸಲ ಪೊರೆ ಕಳಚಿದಾಗ ಆ ಹಿಕ್ಕೆ ಬಣ್ಣದ ಹುಳ ಹಸಿರಾಗಿಬಿಡುತ್ತದೆ. ಮೆಲ್ಲ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ಹೊರಗೆ ಹಾಕಿ ಒಂಥರಾ ಘಾಟು ವಾಸನೆ ಬಿಡುತ್ತದೆ. ಆಮೇಲೆ ಕೋಶ ಕಟ್ಟುತ್ತದೆ, ಒಂದು ಬೆಳಿಗ್ಗೆ ಕಪ್ಪು ಚಿಟ್ಟೆ ರೆಕ್ಕೆ ಒಣಗಿಸುತ್ತಾ ಕೂತಿರುತ್ತದೆ.

ಇದು ಮಕ್ಕಳಾಟ ಅಂತ ಅನ್ನಿಸಬಹುದು. ಅಲ್ಲ. ಈ ವಿಜ್ಞಾನ ದೊಡ್ಡದಾದದ್ದೇ ಹೀಗೆ ಹುಳದ ಮುಂದೆ ಕೂತು ನೋಡಿದ್ದರಿಂದ. 1930ರ ದಶಕದಲ್ಲಿ ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್ ರಾಡ್ನಿಯಸ್ ಎನ್ನುವ ರಕ್ತ ಹೀರುವ ತಿಗಣೆಯನ್ನು ಸಾಕಿದ್ದರು. ಅದು ಹೊಟ್ಟೆ ತುಂಬ ಒಂದು ಸಲ ರಕ್ತ ಕುಡಿದರೆ, ಇಂತಿಷ್ಟು ದಿನಕ್ಕೆ ಪೊರೆ ಕಳಚುತ್ತದೆ. ರಕ್ತ ಕುಡಿದ ಕೂಡಲೇ ತಲೆ ಕತ್ತರಿಸಿದರೆ ಆ ತಿಗಣೆ ತಲೆ ಇಲ್ಲದೆಯೇ ತಿಂಗಳುಗಟ್ಟಲೆ ಬದುಕುತ್ತದೆ, ಆದರೆ ಪೊರೆ ಕಳಚುವುದಿಲ್ಲ. ಕೆಲವು ದಿನ ಬಿಟ್ಟು ಕತ್ತರಿಸಿದರೆ ಕಳಚುತ್ತದೆ. ಅಂದರೆ ತಲೆಯಿಂದ ಏನೋ ಒಂದು ರಕ್ತಕ್ಕೆ ಇಳಿಯುತ್ತದೆ, ಇಳಿಯಲು ಇಷ್ಟು ದಿನ ಬೇಕು. ಕೀಟಗಳ ಹಾರ್ಮೋನು ವಿಜ್ಞಾನಕ್ಕೆ ಗಟ್ಟಿ ತಳಪಾಯ ಸಿಕ್ಕಿದ್ದು ಇಂಥ ಪ್ರಯೋಗಗಳಿಂದ. ಮುಂದೆ ಹುಳವನ್ನು ಹುಳವಾಗಿಯೇ ಉಳಿಸುವ ಹಾರ್ಮೋನಿನ ನಕಲು ಮಾಡಿ ಮೆಥೊಪ್ರೀನ್ ತಯಾರಿಸಿದರು. ನೀರಿಗೆ ಹಾಕಿದರೆ ಸೊಳ್ಳೆಮರಿ ಸರಿಯಾಗಿ ಸೊಳ್ಳೆಯಾಗುವುದೇ ಇಲ್ಲ. ನಾವು ಪೊರೆ ಕಳಚುವವರಲ್ಲ, ಹಾಗಾಗಿ ನಮಗೆ ಅದರ ಅಪಾಯ ಬಹಳ ಕಡಿಮೆ. ಹುಳದಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಯಾವುದು? ಇದನ್ನು ಹುಡುಕುವುದೇ ಈ ಕೆಲಸದ ಜೀವ.

ಈಗ ಓದಿನ ದಾರಿ. ಎರಡು ಉಂಟು.

ಒಂದು, ಕೃಷಿಯ ದಾರಿ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲಿ ಜೀವಶಾಸ್ತ್ರ ಇರಲಿ. ಸಿಇಟಿ ಬರೆದು ನಾಲ್ಕು ವರ್ಷದ ಬಿಎಸ್ಸಿ ಕೃಷಿ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸಲು ಹೇಳುತ್ತಾರೆ, ತೋಟದಲ್ಲಿ ಅಪ್ಪನ ಹಿಂದೆ ಓಡಾಡಿದವರಿಗೆ ಅದು ಸುಲಭ. ಕರಾವಳಿಯ ಮಕ್ಕಳು ಹೆಚ್ಚಿನವರು ಇದಕ್ಕೆ ಘಟ್ಟ ಹತ್ತುತ್ತಾರೆ: ಶಿವಮೊಗ್ಗ, ಧಾರವಾಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆ. ಆಮೇಲೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಪ್ರವೇಶ ಪರೀಕ್ಷೆ ಬರೆದು ಕೃಷಿ ಕೀಟಶಾಸ್ತ್ರದಲ್ಲಿ ಎಂಎಸ್ಸಿ, ನಂತರ ಪಿಎಚ್‌ಡಿ.

ಇನ್ನೊಂದು, ಪ್ರಾಣಿಶಾಸ್ತ್ರದ ದಾರಿ. ಮಂಗಳೂರು, ಉಡುಪಿಯ ಯಾವುದಾದರೂ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ ಜೊತೆಗಿಟ್ಟು ಬಿಎಸ್ಸಿ ಮಾಡಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿಯೋ ಬೇರೆ ಕಡೆಯೋ ಎಂಎಸ್ಸಿ ಮುಗಿಸಿ, ಸಿಎಸ್‌ಐಆರ್-ಯುಜಿಸಿ ನೆಟ್ ಎನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯುವುದು. ಅದರಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ, ಅದರ ಮೇಲಿನ ಹಂತವಾದ ಎಸ್‌ಆರ್‌ಎಫ್ ಆದ ಮೇಲೆ 42,000. 2023ರಿಂದ ಈ ದರ. ಮನೆಯಲ್ಲಿ "ಇನ್ನೂ ಎಷ್ಟು ವರ್ಷ ಓದುವುದು?" ಅಂತ ಕೇಳುವವರಿಗೆ ಈ ಮೊತ್ತ ಹೇಳಿ. ಒಂದು ಎಚ್ಚರಿಕೆ: ಎಂಎಸ್ಸಿ ಕೃಷಿ ಕೀಟಶಾಸ್ತ್ರಕ್ಕೆ ಸಾಮಾನ್ಯವಾಗಿ ಬಿಎಸ್ಸಿ ಕೃಷಿಯನ್ನೇ ಕೇಳುತ್ತಾರೆ. ಎರಡನೇ ದಾರಿ ಹಿಡಿದು ಮಧ್ಯದಲ್ಲಿ ಮೊದಲನೆಯದಕ್ಕೆ ಹಾರುವುದು ಕಷ್ಟ, ಇದನ್ನು ಪಿಯುಸಿ ಆದ ಕೂಡಲೇ ಯೋಚಿಸಿ.

ಯಾವ ದಾರಿ ಹಿಡಿದರೂ ರಸಾಯನಶಾಸ್ತ್ರ ಬಿಡಬೇಡಿ ಮಾರಾಯ್ರೆ. ಹುಳ ಇಷ್ಟ, ಕೆಮಿಸ್ಟ್ರಿ ಕಷ್ಟ ಅಂತ ಬರುವವರು ಜಾಸ್ತಿ. ಆದರೆ ವಿಷ ಅನ್ನುವುದು ಒಂದು ಅಣು. ಅದು ಹುಳದ ಮೈಮೇಲಿನ ಮೇಣದ ಪದರ ದಾಟುತ್ತದಾ, ಒಳಗೆ ಯಾವುದಕ್ಕೆ ಹೋಗಿ ಅಂಟುತ್ತದೆ, ಹುಳ ಅದನ್ನು ಹೇಗೆ ಒಡೆದು ಹೊರಹಾಕುತ್ತದೆ, ಎಲ್ಲವೂ ಕೆಮಿಸ್ಟ್ರಿಯೇ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಅಡಿಕೆಯ ಬೇರುಹುಳಕ್ಕೆ ಅಂತ ನಮ್ಮ ಕಡೆ ಹಾಕುತ್ತಿದ್ದ ಕ್ಲೋರ್‌ಪೈರಿಫಾಸ್ ಎನ್ನುವ ಕೀಟನಾಶಕ ತೆಗೆದುಕೊಳ್ಳಿ. ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್. ಸುದ್ದಿ ಮುಟ್ಟಿದ ಮೇಲೆ ಅದನ್ನು ಒಡೆದು ಜಾಗ ಖಾಲಿ ಮಾಡಲು ಒಂದು ಕಿಣ್ವ ಉಂಟು. ಹುಳದ ಮೈಯೊಳಗೆ ಸ್ವಲ್ಪ ರೂಪ ಬದಲಿಸಿದ ಕ್ಲೋರ್‌ಪೈರಿಫಾಸ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ, ಹುಳ ನಡುಗಿ ನಡುಗಿ ಸಾಯುತ್ತದೆ. ಅದೇ ಕಿಣ್ವ ಪಂಪ್ ಬೆನ್ನಿಗೆ ಹಾಕಿಕೊಂಡು ಮದ್ದು ಬಿಡುವವರ ಮೈಯಲ್ಲೂ ಉಂಟು. ಬೆವರು, ಜೊಲ್ಲು, ಸೂಜಿಮೊನೆಯಷ್ಟು ಸಣ್ಣಗಾಗುವ ಕಣ್ಣಿನ ಪಾಪೆ, ಇವೆಲ್ಲ ಬರುವುದು ಅದಕ್ಕೇ. ಇನ್ನೊಂದು ಕಡೆ, ಬದನೆಯ ಕಾಯಿಕೊರಕಕ್ಕೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ನೋಡಿ. ಅದು ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಬಾಗಿಲು ತೆರೆದಿಟ್ಟುಬಿಡುತ್ತದೆ, ಹುಳ ಸೊರಗಿ ತಿನ್ನುವುದನ್ನು ನಿಲ್ಲಿಸುತ್ತದೆ. ನಮ್ಮ ಸ್ನಾಯುವಿನ ಬಾಗಿಲಿನ ರಚನೆ ಬೇರೆ, ಅದಕ್ಕೆ ಈ ಬೀಗದ ಕೈ ಸರಿಯಾಗಿ ಕೂರುವುದಿಲ್ಲ. ಆದರೂ ನಮ್ಮ ಉಡುಪಿ ಕಡೆಯ ಬದನೆ ಮಟ್ಟುಗುಳ್ಳದ ಕಾಯಿಯೊಳಗೆ ಹುಳ ಹೊಕ್ಕಾದ ಮೇಲೆ ಮೇಲಿನಿಂದ ಎಷ್ಟು ಬಿಟ್ಟರೂ ಅದಕ್ಕೆ ತಾಗುವುದು ಕಷ್ಟ. ಮೊಟ್ಟೆ ಒಡೆದು ಮರಿ ಹೊರಗೆ ಹರಿದಾಡುವ ಸ್ವಲ್ಪ ಹೊತ್ತಿನಲ್ಲೇ ಬೀಳಬೇಕು. ಹುಳದ ದಿನಚರಿ ಗೊತ್ತಿಲ್ಲದವನಿಗೆ ಒಳ್ಳೆಯ ಮದ್ದು ಸಿಕ್ಕಿಯೂ ಪ್ರಯೋಜನ ಇಲ್ಲ ಅಂತ ಹೇಳುವುದು ಇದಕ್ಕೇ.

ಲ್ಯಾಬಿಗೆ ಸೇರಿದ ಮೇಲೆ ಮೊದಲ ಆರು ತಿಂಗಳು ನಿಮಗೆ ಸಾಕುವ ಕೆಲಸವೇ ಸಿಗಬಹುದು. ಬೇಸರ ಮಾಡಬೇಡಿ. ಬೆಳೆಯ ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳವನ್ನು ಹರಳೆಲೆ ಕೊಟ್ಟು ಸಾಕುತ್ತಾರೆ. ಎಲೆ ಮದ್ದು ಬಿಡದ ಗಿಡದ್ದೇ ಆಗಬೇಕು, ತೊಳೆದು ನೀರು ಒರೆಸಿಯೇ ಹಾಕಬೇಕು. ಕರಾವಳಿಯ ಜೂನ್, ಜುಲೈ ತಿಂಗಳಲ್ಲಿ ಒದ್ದೆ ಎಲೆ ಹಾಕಿದರೆ ಎರಡು ದಿನಕ್ಕೆ ಬೂಸ್ಟು. ವೈರಸ್ ರೋಗ ಬಂದರೆ ಹುಳಗಳು ಡಬ್ಬದ ಮೇಲ್ಭಾಗಕ್ಕೆ ಹತ್ತಿ ತಲೆಕೆಳಗಾಗಿ ನೇತು ಬೀಳುತ್ತವೆ, ಮುಟ್ಟಿದರೆ ಚರ್ಮ ಒಡೆದು ಕಂದು ನೀರು ಸುರಿಯುತ್ತದೆ. ಒಂದು ಕಂಡರೂ ಆ ಡಬ್ಬ ಪೂರ್ತಿ ತೆಗೆದು, ಬ್ಲೀಚ್ ನೀರಿನಲ್ಲಿ ಎಲ್ಲ ತೊಳೆಯಿರಿ. ಇರುವೆಗೆ ಅಜ್ಜಿ ಬೆಲ್ಲದ ಡಬ್ಬಕ್ಕೆ ಮಾಡುತ್ತಿದ್ದ ಉಪಾಯವೇ ಸಾಕು: ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು. ಲ್ಯಾಬಿನಲ್ಲಿ ಇರುವೆಪುಡಿ ಹಾಕಿದಿರೋ, ನಿಮ್ಮ ಹುಳಗಳೂ ಹೋದವು ಅಂತಲೇ ತಿಳಿಯಿರಿ.

ಕಂಟ್ರೋಲ್ ವಿಷಯವನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಕಂಟ್ರೋಲ್ ಅಂದರೆ ಮದ್ದು ತಾಗಿಸದೆ, ಉಳಿದದ್ದೆಲ್ಲ ಒಂದೇ ರೀತಿ ನೋಡಿಕೊಂಡ ಗುಂಪು. ಪಿಎಚ್‌ಡಿ ಸಮಯದಲ್ಲಿ ನಾನು ಸೊಳ್ಳೆಗಳ ಮೇಲೆ ಕೆಲಸ ಮಾಡುತ್ತಿದ್ದೆ. ಮಂಗಳೂರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಸೊಳ್ಳೆ ಅದು, ಓವರ್‌ಹೆಡ್ ಟ್ಯಾಂಕ್, ಕಟ್ಟಡ ಕಟ್ಟುವ ಜಾಗದ ನಿಂತ ನೀರಿನಲ್ಲೇ ಬೆಳೆಯುತ್ತದೆ. ಪ್ರತಿ ಕೊಳವೆಯಲ್ಲಿ 25 ಹೆಣ್ಣು ಸೊಳ್ಳೆ, ಮದ್ದಿನ ಕಾಗದದ ಜೊತೆ ಒಂದು ಗಂಟೆ, ಆಮೇಲೆ ಚೊಕ್ಕ ಕೊಳವೆಗೆ ಹಾಕಿ ಸಕ್ಕರೆ ನೀರಿನ ಹತ್ತಿ ಇಟ್ಟು 24 ಗಂಟೆ ಬಿಟ್ಟು ಎಣಿಸುವುದು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಂಟ್ರೋಲಿನಲ್ಲೇ 25ರಲ್ಲಿ 11 ಸತ್ತಿವೆ. ನನಗೆ ಅಳುವೇ ಬಂತು. ಕಾರಣ ಹುಡುಕುತ್ತಾ ಹೋದಾಗ ಕಿಟಕಿಯ ಆಚೆ ನೆಲದ ಮೇಲೆ ಸುರುಳಿ ಬೂದಿ ಬಿದ್ದಿತ್ತು. ರಾತ್ರಿ ಕಾವಲಿನವರು ಸೊಳ್ಳೆಬತ್ತಿ ಹಚ್ಚಿದ್ದರು, ಹೊಗೆ ಕಿಟಕಿ ಸಂದಿಯಿಂದ ಒಳಗೆ ಬಂದಿತ್ತು. ಅವರದ್ದೇನೂ ತಪ್ಪಿಲ್ಲ, ಸಂದಿ ಮುಚ್ಚಬೇಕಾದವಳು ನಾನು. ಮೂರು ವಾರದ ಕೆಲಸ ಮತ್ತೆ ಶುರುವಿನಿಂದ.

ಲೆಕ್ಕದ ನಿಯಮ ಹೀಗೆ: ಕಂಟ್ರೋಲಿನಲ್ಲಿ ಸಾವು ಶೇ 20 ದಾಟಿದರೆ ಆ ಪರೀಕ್ಷೆಯನ್ನೇ ಬಿಟ್ಟುಬಿಡಬೇಕು. 5ರಿಂದ 20ರ ಒಳಗಿದ್ದರೆ 1925ರಲ್ಲಿ ಅಬ್ಬಟ್ ಕೊಟ್ಟ ಸೂತ್ರ ಹಾಕಿ ಸರಿಮಾಡಬೇಕು. ಮದ್ದಿನ ಗುಂಪಿನಲ್ಲಿ ಶೇ 64, ಕಂಟ್ರೋಲಿನಲ್ಲಿ ಶೇ 10 ಸತ್ತಿವೆ ಅಂತಿಟ್ಟುಕೊಳ್ಳಿ. 64ರಿಂದ 10 ಕಳೆದರೆ 54. ಅದನ್ನು 100ರಿಂದ 10 ಕಳೆದ 90ರಿಂದ ಭಾಗಿಸಿದರೆ ಮದ್ದಿನಿಂದ ಸತ್ತದ್ದು ಶೇ 60. ಇಷ್ಟೇ. ಇಲ್ಲಿ ಕಂಟ್ರೋಲಿನ 2 ಸಾವನ್ನು ಬರೆಯದೆ ಬಿಡುವ ಆಸೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ದಯವಿಟ್ಟು ಮಾಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಲ್ಯಾಬಿನ ಸಂಖ್ಯೆಗಳೇ ಕೊನೆಗೆ ಡಬ್ಬದ ಮೇಲೆ ಬಂದು ಕೂರುತ್ತವೆ. ಮದ್ದಿನ ಡಬ್ಬದಲ್ಲಿ ವಜ್ರದಾಕಾರದ ಗುರುತು ನೋಡಿರಬಹುದು, ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಬಾಯಿ ಮೂಲಕ ಕೊಟ್ಟಾಗ ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣದ ಮೇಲೆ ಆ ಬಣ್ಣ. ಕಿಲೋ ತೂಕಕ್ಕೆ 50 ಮಿಲಿಗ್ರಾಂ ತನಕ ಕೆಂಪು, 500ರ ತನಕ ಹಳದಿ, 5000ದ ತನಕ ನೀಲಿ, ಅದರ ಮೇಲೆ ಹಸಿರು. ಆದರೆ ಇದು ಒಮ್ಮೆಗೇ ಹೊಟ್ಟೆಗೆ ಹೋದರೆ ಏನಾಗುತ್ತದೆ ಅನ್ನುವ ಲೆಕ್ಕ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೋದರೆ ಏನಾಗುತ್ತದೆ ಅಂತ ಈ ಬಣ್ಣ ಹೇಳುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟದ ಟೀ ಸೊಳ್ಳೆಗೆ ಅಂತ ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಕೊಕ್ಕಡದ ಕಡೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎನ್ನುವ ಕೀಟನಾಶಕ ಬಿಟ್ಟರು. ಟೀ ಸೊಳ್ಳೆ ಹೆಸರಿಗೆ ಸೊಳ್ಳೆ, ನಿಜವಾಗಿ ಅದು ಚಿಗುರಿನ ರಸ ಹೀರುವ ತಿಗಣೆ ಜಾತಿ. ಎಂಡೋಸಲ್ಫಾನ್ ಕೀಟದ ನರಕ್ಕೆ "ಸಾಕು, ನಿಲ್ಲು" ಅನ್ನುವ ಸಂಕೇತದ ಬಾಗಿಲನ್ನೇ ಮುಚ್ಚುತ್ತದೆ. ಅಂಥದ್ದೇ ಬಾಗಿಲು ನಮ್ಮ ಮಿದುಳಿನಲ್ಲೂ ಉಂಟು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದರ ತಯಾರಿಕೆ, ಮಾರಾಟ, ಬಳಕೆ ನಿಲ್ಲಿಸಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಎಂಡೋ ಸಂತ್ರಸ್ತರು ಅಂತ ಸರ್ಕಾರವೇ ಗುರುತಿಸಿದ ಮಕ್ಕಳನ್ನು ಇವತ್ತಿಗೂ ಅಮ್ಮಂದಿರು ಎತ್ತಿಕೊಂಡು ಸ್ನಾನ ಮಾಡಿಸುತ್ತಿದ್ದಾರೆ. ಈ ಕೆಲಸಕ್ಕೆ ಬರುವವರು ಒಮ್ಮೆ ಕೊಕ್ಕಡಕ್ಕೆ ಹೋಗಿ ಬನ್ನಿ. ಅದೇ ಗೇರು ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಟೀ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ, ಅದನ್ನೂ ನೋಡಿ ಬನ್ನಿ.

ಕೆಲಸ ಎಲ್ಲಿ ಸಿಗುತ್ತದೆ? ಐಸಿಎಆರ್ ಸಂಸ್ಥೆಗಳಲ್ಲಿ ವಿಜ್ಞಾನಿ ಆಗಲು ಎಎಸ್‌ಆರ್‌ಬಿ (ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ) ನಡೆಸುವ ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ ಬರೆಯಬೇಕು. ನಮ್ಮ ಸುತ್ತಲೇ ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ, ಕಾಸರಗೋಡಿನಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಅದರದ್ದೇ ಕೇಂದ್ರ ವಿಟ್ಲದಲ್ಲಿ ಉಂಟು. ಬ್ರಹ್ಮಾವರದಲ್ಲಿ ಶಿವಮೊಗ್ಗ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಉಂಟು. ಸೊಳ್ಳೆ, ರೋಗ ಹರಡುವ ಕೀಟಗಳ ಕಡೆ ಮನಸ್ಸಿದ್ದರೆ ಪುದುಚೇರಿಯಲ್ಲಿ ಅಂಥ ಕೀಟಗಳ ನಿಯಂತ್ರಣದ ಸಂಶೋಧನಾ ಕೇಂದ್ರ ವಿಸಿಆರ್‌ಸಿ. ಇಲ್ಲದಿದ್ದರೆ ಕಂಪನಿಗಳ ಸಂಶೋಧನಾ ವಿಭಾಗ, ಮದ್ದು ನೋಂದಣಿಗೆ ಬೇಕಾದ ವಿಷ ಪರೀಕ್ಷೆ ಮಾಡುವ ಜಿಎಲ್‌ಪಿ (ಗುಡ್ ಲ್ಯಾಬೊರೇಟರಿ ಪ್ರಾಕ್ಟೀಸ್) ಲ್ಯಾಬುಗಳು, ತರಕಾರಿಯಲ್ಲಿ ಉಳಿದ ಮದ್ದು ಅಳೆಯುವ ಲ್ಯಾಬುಗಳು. ಕಂಪನಿಯಲ್ಲಿ ಸಂಬಳ ಚೆನ್ನಾಗಿರುತ್ತದೆ, ಆದರೆ ಫಲಿತಾಂಶವನ್ನು ಪ್ರಕಟಿಸುವ ಹಕ್ಕು ಯಾರದ್ದು ಅಂತ ಸೇರುವ ಮುಂಚೆಯೇ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನು ನಿಮ್ಮ ಮೈ ಬಗ್ಗೆ. ಪರೀಕ್ಷೆಗೆ ಮದ್ದನ್ನು ಹೆಚ್ಚಾಗಿ ಅಸಿಟೋನಿನಲ್ಲಿ ಕರಗಿಸುತ್ತೇವೆ. ತೆಳು ಗ್ಲೌಸಿನ ಮೇಲೆ ಒಂದು ಹನಿ ಬಿದ್ದರೂ ಕೂಡಲೇ ಬದಲಿಸಿ, ಅಸಿಟೋನ್ ಗ್ಲೌಸ್ ದಾಟುವಾಗ ವಿಷವನ್ನೂ ಜೊತೆಗೆ ಒಳಗೆ ತರುತ್ತದೆ. ಲ್ಯಾಬಿನಲ್ಲಿ ನೀರಿನ ಬಾಟ್ಲಿ ಸಹ ಬೇಡ.

ಪಿಎಚ್‌ಡಿಗೆ ಗೈಡ್ ಹುಡುಕುವಾಗ "ನನಗೆ ಕೀಟ ಅಂದರೆ ತುಂಬ ಆಸಕ್ತಿ" ಅಂತ ಎಲ್ಲರೂ ಬರೆಯುತ್ತಾರೆ, ಓದುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನೀವು ಆ ಗೈಡಿನ ಒಂದು ಸಂಶೋಧನಾ ಪ್ರಬಂಧ ಪೂರ್ತಿ ಓದಿ, ಅರ್ಥ ಆಗದ ಒಂದು ಜಾಗ ಹಿಡಿದು ಪ್ರಶ್ನೆ ಕೇಳಿ. ಜೊತೆಗೆ ಆ ಕರಿಬೇವಿನ ಹುಳದ ಪುಸ್ತಕದಿಂದ ಎರಡು ಪುಟದ ಫೋಟೋ ಹಾಕಿ, ತಾರೀಕು, ಎಲೆ ಲೆಕ್ಕ, ಸತ್ತ ಹುಳದ ಲೆಕ್ಕವೂ ಇರುವ ಪುಟ. ನನಗೆ ಬರುವ ಪತ್ರಗಳಲ್ಲಿ ಅಂಥದ್ದು ಇದ್ದರೆ ನಾನು ಅದೇ ದಿನ ಉತ್ತರ ಬರೆಯುತ್ತೇನೆ.