ತೂಕ ಸುಲಭ, ಗಾತ್ರವೇ ಕಷ್ಟ: ಲ್ಯಾಬಿನಲ್ಲಿ ಸಾಂದ್ರತೆ ಅಳೆಯುವುದು ಹೇಗೆ

ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಇಷ್ಟನ್ನು ಹೈಸ್ಕೂಲ್ ಮಕ್ಕಳೂ ಹೇಳುತ್ತಾರೆ. ಮಂಡ್ಯದ ಕಾಲೇಜೊಂದರ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಮಾಡಿಸುವ ನಾನು ಪ್ರತಿ ವರ್ಷ ಕಾಣುವುದು ಒಂದೇ. ತೂಕ ಎಲ್ಲರಿಗೂ ಸರಿ ಬರುತ್ತದೆ, ಕೈಕೊಡುವುದು ಗಾತ್ರ. ಬ್ಯಾಲೆನ್ಸ್ 0.01 ಗ್ರಾಂವರೆಗೆ ತೋರಿಸುತ್ತದೆ. ಅಳತೆ ಜಾಡಿಯಲ್ಲಿ ಅರ್ಧ ಮಿಲಿಲೀಟರ್ ಆಚೀಚೆ ಆಗುವುದು ಮಾಮೂಲು.

ಆ ಅರ್ಧ ಮಿಲಿಲೀಟರ್ ಎಷ್ಟು ಕೆಡಿಸುತ್ತದೆ ನೋಡಿ. 31.9 ಗ್ರಾಂ ತೂಗುವ ಒಂದು ಜಲ್ಲಿಕಲ್ಲನ್ನು ಜಾಡಿಗೆ ಹಾಕಿದಿರಿ, ನೀರು 12 ಮಿ.ಲೀ. ಏರಿತು. ಸಾಂದ್ರತೆ 2.66. ಓದಿದ್ದು ಅರ್ಧ ಮಿ.ಲೀ. ತಪ್ಪಿದ್ದರೆ ಉತ್ತರ 2.55 ಇರಬಹುದು, 2.77 ಕೂಡ ಇರಬಹುದು. ಗ್ರಾನೈಟ್ ಸಾಮಾನ್ಯವಾಗಿ 2.6ರಿಂದ 2.7ರ ಒಳಗೆ ಇರುತ್ತದೆ. ಅಂದರೆ ಕಲ್ಲು ಯಾವುದು ಎಂದು ಹೇಳುವುದಕ್ಕೇ ಆಗುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟೆ: ಗಾತ್ರವನ್ನೂ ತೂಕ ಮಾಡಿಯೇ ಕಂಡುಹಿಡಿಯಿರಿ.

ಮೊದಲು ದ್ರವ. ಇದಕ್ಕೆ 25 ಮಿ.ಲೀ. ಡೆನ್ಸಿಟಿ ಬಾಟಲ್ ಬೇಕು. ಪುಟ್ಟ ಗಾಜಿನ ಬಾಟಲಿ, ಅದರ ಗಾಜಿನ ಬಿರಡೆಯ ನಡುವೆ ಕೂದಲೆಳೆಯಂಥ ಸಣ್ಣ ರಂಧ್ರ. ಬಾಟಲಿ ತೊಳೆದು, ಪೂರ್ತಿ ಒಣಗಿಸಿ, ಬಿರಡೆ ಸಮೇತ ತೂಗಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಅನ್ನು ಕತ್ತಿನವರೆಗೂ ತುಂಬಿ. ಬಿರಡೆಯನ್ನು ಒತ್ತಬೇಡಿ, ಸುಮ್ನೆ ಬಿಡಿ. ಅದು ತಾನಾಗಿ ಇಳಿದು ಕೂರುತ್ತದೆ, ಹೆಚ್ಚಿನ ನೀರು ರಂಧ್ರದಿಂದ ಮೇಲೆ ಬಂದು ಒಂದು ಹನಿಯಾಗಿ ನಿಲ್ಲುತ್ತದೆ. ಆ ಹನಿಯನ್ನು ಫಿಲ್ಟರ್ ಪೇಪರಿನಿಂದ ಒರೆಸಿ. ಒರೆಸುವಾಗ ಪೇಪರ್ ರಂಧ್ರದ ಒಳಗಿನ ನೀರನ್ನೂ ಹೀರದಂತೆ ನೋಡಿಕೊಳ್ಳಿ. ಬಿರಡೆಯ ತಲೆಗೂ ನೀರಿಗೂ ಮಟ್ಟ ಒಂದೇ ಆಗಿರಬೇಕು.

ಇಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ಗುಳ್ಳೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಬಿರಡೆಯ ಬುಡದಲ್ಲಿ ಗುಳ್ಳೆ ಸಿಕ್ಕಿಕೊಂಡಿದೆಯಾ ಅಂತ ನೋಡಿ. ಇದ್ದರೆ ಬಿರಡೆ ತೆಗೆದು ಮತ್ತೆ ತುಂಬಿ. ಇನ್ನೊಂದು, ಕೈಯ ಬಿಸಿ. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದರೆ ಒಳಗಿನ ನೀರು ಬೆಚ್ಚಗಾಗಿ ಹಿಗ್ಗುತ್ತದೆ, ಒರೆಸಿದ ಜಾಗದಲ್ಲಿ ಇನ್ನೊಂದು ಹನಿ ಮೂಡುತ್ತದೆ. ಅದನ್ನೂ ಒರೆಸಿದರೆ ನೀರು ಕಳೆದುಹೋದ ಹಾಗೆಯೇ. ಕತ್ತಿನ ಭಾಗಕ್ಕೆ ಪೇಪರ್ ಸುತ್ತಿ ಎರಡು ಬೆರಳಲ್ಲಿ ಹಿಡಿದರೆ ಈ ತೊಂದರೆ ಇರುವುದಿಲ್ಲ.

ಖಾಲಿ ಬಾಟಲಿ 22.314 ಗ್ರಾಂ, ನೀರು ತುಂಬಿದಾಗ 47.242 ಗ್ರಾಂ ಬಂತು ಅಂದುಕೊಳ್ಳಿ. ನೀರಿನ ತೂಕ 24.928 ಗ್ರಾಂ. ಥರ್ಮಾಮೀಟರ್ 27 ಡಿಗ್ರಿ ತೋರಿಸುತ್ತಿದ್ದರೆ ನೀರಿನ ಸಾಂದ್ರತೆ 0.9965. ಭಾಗಿಸಿದರೆ ಬಾಟಲಿಯ ನಿಜವಾದ ಗಾತ್ರ 25.016 ಮಿ.ಲೀ. ಬಾಟಲಿಯ ಮೇಲೆ ಅಚ್ಚಾದ 25 ಅನ್ನುವ ಅಂಕಿಯನ್ನು ಹಾಗೇ ನಂಬಬೇಡಿ. ನೀರಿನ ಸಾಂದ್ರತೆ 1 ಅಂತ ಹಾಕಿಬಿಡುವುದೂ ಬೇಡ. ಅದು 4 ಡಿಗ್ರಿಯ ಲೆಕ್ಕ. ನಮ್ಮ ಕಡೆ ಬೆಳಿಗ್ಗೆ 24 ಡಿಗ್ರಿ ಇದ್ದರೆ 0.9973, ಏಪ್ರಿಲ್ ಮಧ್ಯಾಹ್ನ ಲ್ಯಾಬ್ 34ಕ್ಕೆ ಏರಿದರೆ 0.9944. ಮೂರನೇ ದಶಾಂಶ ಬೇಕು ಅಂದರೆ ಈ ವ್ಯತ್ಯಾಸವನ್ನು ಬಿಡುವಂತಿಲ್ಲ.

ಈಗ ಬಾಟಲಿ ಒಣಗಿಸಿ, ಬೇಕಾದ ದ್ರವ ತುಂಬಿ. ಮಂಡ್ಯದಲ್ಲಿ ನಾನು ಮಾಡಿಸುವುದು ಕಬ್ಬಿನ ಹಾಲಿನಲ್ಲಿ. ಗಾಣದಿಂದ ಬಂದ ಹಾಲಿನಲ್ಲಿ ನೊರೆ ಜಾಸ್ತಿ, ಸಿಪ್ಪೆಯ ಪುಡಿಯೂ ಇರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ನೊರೆ ಇಳಿಯುವವರೆಗೆ ಬಿಡಿ. ನಾಳೆಗೆ ಇಟ್ಟರೆ ಹುಳಿಯುತ್ತದೆ, ಸಕ್ಕರೆ ಕಮ್ಮಿಯಾಗಿ ಸಾಂದ್ರತೆಯೂ ಇಳಿಯುತ್ತದೆ, ಹಾಗಾಗಿ ಅವತ್ತೇ ಮುಗಿಸಿ. ತುಂಬಿದ ಬಾಟಲಿ 49.084 ಗ್ರಾಂ ಬಂದರೆ ಹಾಲಿನ ತೂಕ 26.770, ಸಾಂದ್ರತೆ 1.070. ನೀರಿಗಿಂತ ಜಾಸ್ತಿ ಇರುವ ಆ 0.07 ಬಹುಪಾಲು ಸಕ್ಕರೆಯದ್ದು. ಸಕ್ಕರೆ ಕಾರ್ಖಾನೆಗಳಲ್ಲಿ ಬಳಸುವ ಬ್ರಿಕ್ಸ್ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು, ಎಷ್ಟು ಮುಳುಗಿತು ಅಂತ ಓದುವ ಗಾಜಿನ ಕೊಳವೆ) ಕೂಡ ಅಳೆಯುವುದು ಸಾಂದ್ರತೆಯನ್ನೇ. ಅದರ ಕಡ್ಡಿಯ ಮೇಲೆ ಸಕ್ಕರೆಯ ಶೇಕಡಾವಾರು ಬರೆದಿರುತ್ತದೆ, ಅಷ್ಟೆ.

ದ್ರವ ದುಬಾರಿಯಾಗಿದ್ದರೆ 5 ಅಥವಾ 10 ಮಿ.ಲೀ. ಬಾಟಲಿ ಬಳಸಿ. ಮೈಸೂರಿನ ಶ್ರೀಗಂಧದ ಎಣ್ಣೆಯಂಥದ್ದನ್ನು 25 ಮಿ.ಲೀ. ಯಾರು ಕೊಡುತ್ತಾರೆ?

ಹೈಡ್ರೋಮೀಟರ್ ಬೇಗ ಆಗುವ ದಾರಿ. ತೇಲಿಬಿಟ್ಟು, ಜಾಡಿಯ ಗೋಡೆಗೆ ತಾಗದಂತೆ ನೋಡಿ, ದ್ರವದ ಮಟ್ಟದಲ್ಲೇ ಕಣ್ಣಿಟ್ಟು ಓದಿ. ಹಾಲಿನ ಡೈರಿಯ ಲ್ಯಾಕ್ಟೋಮೀಟರ್ ಇದೇ ಜಾತಿ. ಅದರಲ್ಲಿ 28 ಅಂದರೆ 1.028. ಯಾವ ಉಷ್ಣತೆಗೆ ತಯಾರಾದದ್ದು ಅಂತ ಕಡ್ಡಿಯ ಮೇಲೇ ಬರೆದಿರುತ್ತದೆ, ಅದನ್ನು ಓದದೆ ಬಳಸಬೇಡಿ. ಮಕ್ಕಳಿಗೆ ನಾನು ತಪ್ಪದೆ ಹೇಳುವ ಇನ್ನೊಂದು ಮಾತಿದೆ. ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಯಾಕೆಂದರೆ ಕೊಬ್ಬು ನೀರಿಗಿಂತ ಹಗುರ. ಎರಡನ್ನೂ ಮಾಡಿದವನ ಹಾಲು ಲ್ಯಾಕ್ಟೋಮೀಟರಿನಲ್ಲಿ ಪಾಸಾಗಿಬಿಡುತ್ತದೆ! ಡೈರಿಯಲ್ಲಿ ಕೊಬ್ಬನ್ನೂ ಬೇರೆಯಾಗಿ ನೋಡುವುದು ಅದಕ್ಕೇ. ಸಾಂದ್ರತೆ ಒಂದೇ ಅಂಕಿ, ಅದರ ಹಿಂದೆ ಎರಡು ಕಾರಣ ಇರಬಹುದು.

ಇನ್ನು ಘನ ವಸ್ತು. ಹೆಚ್ಚಿನ ಕಡೆ ಕಲ್ಲನ್ನು ತಕ್ಕಡಿಗೆ ನೇತುಹಾಕಿ ನೀರಲ್ಲಿ ತೂಗಿಸುತ್ತಾರೆ. ಎಲೆಕ್ಟ್ರಾನಿಕ್ ಬ್ಯಾಲೆನ್ಸ್ ಇದ್ದರೆ ಅದಕ್ಕಿಂತ ಸುಲಭದ ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು ಇದೇ. ಕಲ್ಲನ್ನು ಮೊದಲು ಒಣಗಿದಂತೆಯೇ ತೂಗಿ. ಆಮೇಲೆ ಅರ್ಧ ನೀರಿರುವ ಬೀಕರ್ ಅನ್ನು ಬ್ಯಾಲೆನ್ಸ್ ಮೇಲಿಟ್ಟು ಸೊನ್ನೆ ಮಾಡಿ. ಪಕ್ಕದ ಸ್ಟ್ಯಾಂಡಿನಿಂದ ತೆಳು ದಾರದಲ್ಲಿ ಕಲ್ಲನ್ನು ನೀರಿಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಈಗ ಬ್ಯಾಲೆನ್ಸ್ ತೋರಿಸುವುದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನೀರು ಕಲ್ಲನ್ನು ಎಷ್ಟು ಮೇಲಕ್ಕೆ ತಳ್ಳುತ್ತದೋ, ಕಲ್ಲು ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ ಅಲ್ವಾ? ಆರ್ಕಿಮಿಡೀಸ್ ಹೇಳಿದ್ದೇ ಅಂಕಿಯಾಗಿ ಕಣ್ಣ ಮುಂದೆ ಬರುತ್ತದೆ.

ಕಲ್ಲು 84.60 ಗ್ರಾಂ, ಮುಳುಗಿದಾಗ ಬ್ಯಾಲೆನ್ಸ್ 31.75 ತೋರಿಸಿತು ಅನ್ನಿ. ಇದನ್ನು 0.9965ರಿಂದ ಭಾಗಿಸಿದರೆ ಗಾತ್ರ 31.86 ಮಿ.ಲೀ., ಸಾಂದ್ರತೆ 2.655. ಜಾಡಿಯಲ್ಲಿ ಎರಡನೇ ಅಂಕಿಗೇ ಅನುಮಾನ ಇತ್ತು, ಇಲ್ಲಿ ಮೂರನೆಯದೂ ಗಟ್ಟಿ. ಅಂಕಿ ಇಳಿಯುತ್ತಲೇ ಇದ್ದರೆ ಕಲ್ಲಿನ ಬಿರುಕಿಗೆ ಅಂಟಿದ ಗುಳ್ಳೆ ಬಿಡುತ್ತಿದೆಯಾ, ಏರಿಬಿಟ್ಟರೆ ದಾರ ಜಾರಿ ಕಲ್ಲು ತಳ ಮುಟ್ಟಿದೆಯಾ ನೋಡಿ.

ತೇಲುವ ವಸ್ತುವಿಗೂ ಇದೇ ವಿಧಾನ ನಡೆಯುತ್ತದೆ. ಮೇಣದ ತುಂಡಾದರೆ ತೆಳು ಸೂಜಿಯಿಂದ ಚುಚ್ಚಿ, ಸೂಜಿಯನ್ನು ಸ್ಟ್ಯಾಂಡಿಗೆ ಬಿಗಿದು ನೀರೊಳಗೆ ಅದುಮಿಡಿ. ಲೆಕ್ಕ ಬದಲಾಗುವುದಿಲ್ಲ, ಉತ್ತರ 0.9ರ ಹತ್ತಿರ ಬರುತ್ತದೆ. ಮರ ನೀರು ಕುಡಿಯುತ್ತದೆ. ಅದಕ್ಕೆ ಮೇಣ ಸವರಿ, ಬೇಗ ಓದಿ ಮುಗಿಸಿ.

ಸಕ್ಕರೆಯಂತೆ ನೀರಲ್ಲಿ ಕರಗುವುದಕ್ಕೆ ಏನು ಮಾಡುವುದು? ಸೀಮೆಎಣ್ಣೆ ಬಳಸಿ, ಸಕ್ಕರೆ ಅದರಲ್ಲಿ ಕರಗುವುದಿಲ್ಲ. ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು. ಮೊದಲು ಡೆನ್ಸಿಟಿ ಬಾಟಲಿಯಲ್ಲಿ ಸೀಮೆಎಣ್ಣೆಯ ಸಾಂದ್ರತೆ ತೆಗೆದುಕೊಳ್ಳಿ, 0.795 ಅನ್ನೋಣ. ಒಣಗಿದ ಬಾಟಲಿಗೆ 8.00 ಗ್ರಾಂ ಸಕ್ಕರೆ ಹಾಕಿ, ಮುಳುಗುವಷ್ಟು ಸೀಮೆಎಣ್ಣೆ ಸುರಿದು, ಮೆಲ್ಲಗೆ ತಟ್ಟಿ ಹರಳುಗಳ ನಡುವಿನ ಗಾಳಿ ಬಿಡಿಸಿ. ಆಮೇಲೆ ಪೂರ್ತಿ ತುಂಬಿ ತೂಗಿ. ಸಕ್ಕರೆ ಇಲ್ಲದಾಗ ಹಿಡಿಸಿದ್ದಕ್ಕಿಂತ ಈಗ 4.00 ಗ್ರಾಂ ಸೀಮೆಎಣ್ಣೆ ಕಮ್ಮಿ ಹಿಡಿಸಿದರೆ, ಸಕ್ಕರೆಯ ಗಾತ್ರ 5.03 ಮಿ.ಲೀ., ಸಾಂದ್ರತೆ 1.59. ಶುದ್ಧ ಸಕ್ಕರೆ ಹರಳಿಗೆ ಬರಬೇಕಾದದ್ದೂ ಅಷ್ಟೇ. ಬೆಲ್ಲದ ಅಚ್ಚಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಒಳಗೆ ಸಣ್ಣ ಸಣ್ಣ ಗಾಳಿಯ ಜಾಗಗಳಿರುತ್ತವೆ, ಸೀಮೆಎಣ್ಣೆ ನಿಧಾನಕ್ಕೆ ಅವುಗಳಿಗೆ ಇಳಿಯುತ್ತದೆ, ಪ್ರತಿ ಸಲವೂ ಬೇರೆ ಅಂಕಿ ಬರುತ್ತದೆ.

ಪ್ರತಿ ಅಳತೆಯನ್ನೂ ಮೂರು ಸಲ ಮಾಡಿ, ಉಷ್ಣತೆಯನ್ನು ಪಕ್ಕದಲ್ಲೇ ಬರೆಯಿರಿ. ಕ್ಯಾಲ್ಕುಲೇಟರ್ ಕೊಟ್ಟ ಎಂಟು ಅಂಕಿಗಳನ್ನೂ ಇಳಿಸಬೇಡಿ.

ಕೆಲಸ ಮುಗಿದ ಮೇಲೆ ಬಾಟಲಿ ತೊಳೆಯುವಾಗ ಬಿರಡೆಯ ರಂಧ್ರವನ್ನು ಮರೆಯಬೇಡಿ, ಕಬ್ಬಿನ ಹಾಲು ಅಲ್ಲಿ ಒಣಗಿದರೆ ಬಿಡಿಸುವುದು ಕಷ್ಟ. ಕೊನೆಗೆ ಸ್ವಲ್ಪ ಅಸಿಟೋನ್ ಆಡಿಸಿ ಗಾಳಿಗೆ ಒಣಗಿಸಿ. ಓವನ್ನಿಗೆ ಇಡಬೇಡಿ, ಬಿಸಿಗೆ ಗಾಜಿನ ಗಾತ್ರವೇ ಬದಲಾಗಬಹುದು. ಬಾಟಲಿಗೂ ಬಿರಡೆಗೂ ಒಂದೇ ನಂಬರ್ ಕೊರೆದಿದ್ದರೆ ಅವೆರಡು ಜೋಡಿ. ಸಿಂಕಿನಲ್ಲಿ ತೊಳೆಯುವಾಗ ಬಿರಡೆಗಳು ಅದಲುಬದಲಾದರೆ ಗಾತ್ರವೂ ಬದಲಾಯಿತು ಅಂತಲೇ ತಿಳಿಯಿರಿ. ಆಗ ಮತ್ತೆ ನೀರು ತುಂಬಿ, ತೂಗಿ, ಹೊಸ ಗಾತ್ರ ಬರೆದುಕೊಳ್ಳಿ.